ವಾಲ್ವ್ ತಿರುಗಿಸುವ ಮುನ್ನ ಒಂದು ಬೊಗಸೆ

ಸೋಮವಾರ, 3 ಫೆಬ್ರವರಿ 2025

ಘಟಕ ನಿಂತಿತು, ಕೊಡ ಕೂತಿತು, ಊರು ಎದ್ದಿತು.

ಬೆಳಿಗ್ಗೆ ಹಲ್ಲುಜ್ಜುವಾಗ ಇಷ್ಟು ತಾನಾಗಿಯೇ ಬಂತು. ಬಸ್ ಸ್ಟಾಂಡಿನ ಶುದ್ಧ ನೀರಿನ ಘಟಕ ಸಂಕ್ರಾಂತಿಯಿಂದ ಈಚೆಗೆ ಮೂರನೇ ಸಲ ಕೆಟ್ಟಿದೆ. ಅದರ ಮುಂದೆ ನಲವತ್ತು ಕೊಡ ಸಾಲಾಗಿ ಕೂತಿವೆ. ಕೊಡಗಳ ಹಿಂದಿನ ನಾಲಿಗೆಗಳೆಲ್ಲ ನನ್ನ ಕಡೆ ತಿರುಗಿವೆ. ಘಟಕ ನನ್ನದಲ್ಲ, ಅದಕ್ಕೆ ಹೋಗುವ ಬೋರಿನ ನೀರಷ್ಟೇ ನನ್ನದು. ನಾನು ಬನ್ನಿಹಟ್ಟಿ ಪಂಚಾಯ್ತಿಯ ನೀರುಗಂಟಿ. ಎರಡು ಬೋರು, ಒಂದು ಟ್ಯಾಂಕು, ಏಳು ವಾಲ್ವು, ಇಷ್ಟೇ ನನ್ನ ರಾಜ್ಯ. ಆದರೆ ಈ ಜಗಳೂರು ಸೀಮೆಯಲ್ಲಿ ನೀರಿನ ವಿಷಯಕ್ಕೆ ಬೈಯಬೇಕೆಂದರೆ ವಿಳಾಸ ಒಂದೇ: ಗಾದ್ರಪ್ಪ, ಬಿ.ಎ., ಕನ್ನಡ ಮಾಧ್ಯಮ.

ಹೊನ್ನಾಳಿಯಿಂದ ರಿಪೇರಿಗೆ ಬಂದ ವಿನೋದ್ ಫಿಲ್ಟರು ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದ.

"ಅಣ್ಣಾ, ಉಪ್ಪು ಕಟ್ಟಿದ್ರೆ ಬೆಳ್ಳಗಿರತೈತೆ. ಇದು ಜಿಡ್ಡು. ನಿಮ್ಮೂರಾಗೆ ಬೋರಿಗೂ ಒಗ್ಗರಣೆ ಹಾಕ್ತೀರೇನು?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ತುಸು ತಡವಾಗಿ.

ಅಪ್ಪನೂ ನೀರುಗಂಟಿಯೇ. ಕೆರೆ ತೂಬಿನ ಕಾಲದವನು. ಊರಿಗೆ ನೀರು ಬಿಡುವ ಮೊದಲು ಒಂದು ಬೊಗಸೆ ತಾನು ಕುಡಿಯುತ್ತಿದ್ದ. "ನೀನು ಕುಡೀದಿದ್ದನ್ನ ಊರಿಗೆ ಕುಡಿಸಬ್ಯಾಡ" ಎಂದು ನನಗೂ ಹೇಳಿ ಹೋದ. ಹದಿನೇಳು ವರ್ಷದಿಂದ ದಿನಾ ಬೆಳಿಗ್ಗೆ ಟ್ಯಾಂಕಿನ ಬುಡದ ನಲ್ಲಿಗೆ ಬೊಗಸೆ ಒಡ್ಡಿದ್ದೇನೆ. ಕೆಳಗಿನ ಓಣಿಯ ಹೆಂಗಸರು ಅದನ್ನು ನೋಡಿದ ಮೇಲೆಯೇ ಕೊಡ ಇಡುವುದು. ಇವತ್ತಿನ ಬೊಗಸೆ ಬಾಯಿಗೆ ಹೋಯಿತು, ಹೊಟ್ಟೆಗೆ ಹೋಗಲಿಲ್ಲ. ಬ್ಲೀಚಿಂಗ್ ಪೌಡರು ಹೆಚ್ಚಾಗಿರಬೇಕು. ಪೌಡರೇ.

ಗುರುವಾರ, 6 ಫೆಬ್ರವರಿ

"ಗಾದ್ರಿ, ಬಾರೋ ಇಲ್ಲಿ. ತೊಂಬೇಲಿ ಕಾಮನಬಿಲ್ಲು ಬಿದ್ದೈತೆ."

ದುರುಗಕ್ಕನ ಮನೆ ಕೆಳಗಿನ ಓಣಿಯ ನೀರಿನ ತೊಂಬೆಗೆ ಅಂಟಿಕೊಂಡೇ ಇದೆ. ಎಪ್ಪತ್ತು ದಾಟಿದ ಹೆಂಗಸು, ಹನ್ನೆರಡು ಕುರಿ, ಹದಿಮೂರನೆಯವನಾಗಿ ನನ್ನನ್ನೂ ಅದೇ ದನಿಯಲ್ಲಿ ಕರೆಯುತ್ತಾಳೆ. ಬಗ್ಗಿ ನೋಡಿದೆ. ನೀರಿನ ಮೇಲೆ ನೀಲಿ, ನೇರಳೆ, ಹಳದಿ ತೇಲುತ್ತಿತ್ತು.

"ಬೆಳಿಗ್ಗೆ ನೀನು ಕುಡಿದ್ಯಾ?"

"ಕುಡಿದೆ ಅಕ್ಕ."

"ಹಂಗಾದ್ರೆ ಸರಿ ಬಿಡು." ಬಣ್ಣವನ್ನು ಅಂಗೈಯಿಂದ ಅತ್ತ ಸರಿಸಿ ಕೊಡ ಮುಳುಗಿಸಿದಳು. ಕುರಿಗಳು ಮಾತ್ರ ಪಕ್ಕದ ತೊಟ್ಟಿಯನ್ನು ಮೂಸಿ ಹಿಂದೆ ಸರಿದವು. "ಇವಕ್ಕೂ ದೌಲತ್ತು ಬಂದೈತೆ ನೋಡು," ಎಂದು ಬೈದಳು.

ಇಲ್ಲಾದರೂ ಸರಿಯಾಗಿ ಬರೆದಿಡುತ್ತೇನೆ. ಹೆದ್ದಾರಿ ಪಕ್ಕದಲ್ಲಿ ಅಮೀರ್‌ಜಾನನ ಲಾರಿ ತೊಳೆಯುವ ಸರ್ವೀಸ್ ಸ್ಟೇಷನ್ ಇದೆ. ಅದರ ಬೆನ್ನಿಗೆ ಪಂಚಾಯ್ತಿಯ ಒಂದು ಬತ್ತಿದ ಬೋರು. ದಿನಕ್ಕೆ ಹತ್ತು ಹದಿನೈದು ಲಾರಿ ತೊಳೆದ ನೀರು ರಸ್ತೆ ಬದಿಯ ಚರಂಡಿಗೆ ಹರಿದು ಹೋಗುತ್ತಿತ್ತು. ಕೊಡ ನೀರಿಗೆ ಜುಟ್ಟು ಹಿಡಿಯುವ ಊರಿನಲ್ಲಿ ಅಷ್ಟು ನೀರು ಹಾಗೆ ಹೋಗುವುದನ್ನು ನನ್ನ ಕಣ್ಣಲ್ಲಿ ನೋಡಲಾಗಲಿಲ್ಲ. ಎರಡು ವರ್ಷದ ಹಿಂದೆ ಆ ಬೋರಿನ ಸುತ್ತ ಇಂಗುಗುಂಡಿ ತೆಗೆಸಿ, ಕೇಸಿಂಗ್ ಪೈಪಿಗೆ ತೂತು ಕೊರೆಸಿ, ಕಲ್ಲು, ಜಲ್ಲಿ, ಇದ್ದಿಲು, ಮರಳು ತುಂಬಿಸಿದೆ. ಮಳೆ ನೀರಿನ ಜೊತೆಗೆ ತೊಳೆದ ನೀರಿಗೂ ಕಾಲುವೆ ತಿರುಗಿಸಿದೆ. ಊರಿಗೆ ಮಳೆ ನೀರು ಎಂದಷ್ಟೇ ಗೊತ್ತು.

ಅಮೀರ್‌ಜಾನ್ ಬೇಡ ಎಂದಿದ್ದ. "ಗಾದ್ರಣ್ಣ, ಮಳೆ ನೀರಾದ್ರೆ ಸರಿ. ಇದು ಇಂಜಿನ್ ತೊಳೆದಿದ್ದು. ಡೀಸೆಲ್ಲು, ಸುಟ್ಟ ಆಯಿಲ್ಲು ಎಲ್ಲಾ ಇರತೈತೆ."

ನಾನು ಏನು ಹೇಳಿದೆ ಎಂಬುದು ಅಕ್ಷರಕ್ಕೆ ಅಕ್ಷರ ನೆನಪಿದೆ. "ಮರಳು ಸೋಸುತ್ತೆ, ಇದ್ದಿಲು ಹೀರುತ್ತೆ, ಕೆಟ್ಟದ್ದು ನಿಲ್ಲುತ್ತೆ, ಒಳ್ಳೇದು ಸೇರುತ್ತೆ."

ಪ್ರಾಸಕ್ಕೆ ಎದುರಾಡಲು ಅವನಿಗೆ ಬರಲಿಲ್ಲ. "ನೀವು ಓದಿದೋರು," ಎಂದ. ಇಲಾಖೆಯ ಪುಸ್ತಕದಲ್ಲಿ ಚಾವಣಿ ನೀರು, ಹೊಲದ ನೀರು ಎಂದಷ್ಟೇ ಇತ್ತು. ತೊಳೆದ ನೀರು ಬೇಡ ಎಂದೇನೂ ಇರಲಿಲ್ಲ, ಅಂದುಕೊಂಡೆ. ಆ ವರ್ಷವೇ ಅದರ ಕೆಳಗಿನ ಇಳಿಜಾರಿನ ಎರಡನೇ ಬೋರಿಗೆ, ಟ್ಯಾಂಕಿಗೂ ಕೆಳಗಿನ ಓಣಿಗೂ ನೀರು ಕೊಡುವ ಬೋರಿಗೆ, ನೀರು ಏರಿತು. ಗಣರಾಜ್ಯೋತ್ಸವಕ್ಕೆ ನನಗೆ ಶಾಲು ಹೊದಿಸಿದರು. ಗುಂಡಿಯ ಪಕ್ಕದ ಗೋಡೆಗೆ ನನ್ನದೇ ಸಾಲು, ಕೆಳಗೆ ನನ್ನದೇ ಹೆಸರು:

ಹರಿವ ನೀರ ಹಿಡಿದು ನಿಲ್ಲಿಸು
ಬರಿದು ಬೋರಿಗದನು ಸಲ್ಲಿಸು

ಸಲ್ಲಿಸಿದ್ದಾಯಿತು.

ಮಂಗಳವಾರ, 11 ಫೆಬ್ರವರಿ

ಬೊಗಸೆ ಒಡ್ಡಿದೆ. ಮುಖ ಬಗ್ಗಿಸಿದೆ. ಬೆರಳ ಸಂದಿಯಿಂದ ಬಿಟ್ಟೆ. ಮೀಸೆ ಒರೆಸಿಕೊಂಡೆ. ದೂರದಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಂಡಿರಬೇಕು. ನಾಟಕದ ಕಂಪನಿಗೆ ಸೇರಿದ್ದರೆ ಇಷ್ಟು ಹೊತ್ತಿಗೆ ರಾಜನ ಪಾರ್ಟು ಸಿಗುತ್ತಿತ್ತು.

ಬುಧವಾರ, 19 ಫೆಬ್ರವರಿ

ವಾಸನೆ ಈಗ ಎಲ್ಲರ ಮೂಗಿಗೂ ಹತ್ತಿದೆ. ಕೆಳಗಿನ ಓಣಿಯವರು ವಾರದಿಂದ ಮೇಲಿನ ಬೀದಿಯ ಒಂದನೇ ಬೋರಿಗೆ ಹೋಗಿ ಹೊತ್ತು ತರುತ್ತಿದ್ದಾರೆ. ದುರುಗಕ್ಕನೂ ಕೋಲೂರಿಕೊಂಡು, ಸೊಂಟದಲ್ಲೊಂದು ಸಣ್ಣ ಕೊಡ. ಮೇಲಿನ ಬೀದಿಯವರು ಗೊಣಗುತ್ತಿದ್ದಾರೆ. ಆ ಬೋರು ಕೊಡುವುದೇ ಕಿರುಬೆರಳು ಗಾತ್ರ.

ಪಿಡಿಓ ಪ್ರಸನ್ನಕುಮಾರ್ ಎರಡು ಬಾಟಲಿ ಕೊಟ್ಟರು. "ಗಾದ್ರಪ್ಪ, ಎರಡನೇ ಬೋರಿಂದು ತುಂಬ್ಕೊಂಡು ಬನ್ನಿ. ಪರೀಕ್ಷೆಗೆ ಕಳ್ಸೋಣ. ನಿಮ್ಮನ್ನ ಬಿಟ್ರೆ ಇಂಥದ್ದಕ್ಕೆ ನಂಗೆ ಬೇರೆ ಯಾರ ಮೇಲೂ ನಂಬಿಕೆ ಇಲ್ಲ."

ಟ್ಯಾಂಕಿನ ಹತ್ತಿರ ಬೈಕು ಎಡಕ್ಕೆ ತಿರುಗಬೇಕಿತ್ತು. ಬಲಕ್ಕೆ ತಿರುಗಿತು. ತಪ್ಪನ್ನು ಬೈಕಿನ ಮೇಲೆ ಹಾಕುವುದು ಸುಲಭ, ಅದು ಬರೆಯುವುದಿಲ್ಲವಲ್ಲ. ಒಂದನೇ ಬೋರಿನಲ್ಲಿ ಬಾಟಲಿ ತುಂಬಿ, ಚೀಟಿ ಅಂಟಿಸಿ, 'ಬೋರ್ ನಂ. 2' ಎಂದು ಬರೆದೆ. ಅಕ್ಷರ ಎಂದಿನಂತೆ ದುಂಡಗೇ ಬಂತು.

ಗುಂಡಿಯ ಕಾಲುವೆ ಸದ್ದಿಲ್ಲದೆ ಮುಚ್ಚಿಸಿಬಿಡುತ್ತೇನೆ, ಎರಡು ತಿಂಗಳಲ್ಲಿ ನೀರು ತಾನಾಗಿ ತಿಳಿಯಾಗುತ್ತದೆ, ಆಮೇಲೆ ಯಾರಿಗೂ ಏನೂ ಹೇಳುವ ಅಗತ್ಯವೇ ಇರುವುದಿಲ್ಲ. ಲೆಕ್ಕ ಸರಿಯಾಗಿದೆ. ಒಂದು ಸಾಲು ಹೊಸೆಯಲು ನೋಡಿದೆ, ಮೊದಲ ಪದದ ಹತ್ತಿರವೇ ನಿಂತಿತು.

ಬುಧವಾರ, 5 ಮಾರ್ಚ್

ವರದಿ ಬಂತು. ಫ್ಲೋರೈಡ್ ಎಂದಿನಂತೆ ತುಸು ಹೆಚ್ಚು, ಎಣ್ಣೆಯ ಅಂಶ ಇಲ್ಲ, ಬಳಸಬಹುದು.

ಪಿಡಿಓ ಅದನ್ನು ಪಂಚಾಯ್ತಿ ಬಾಗಿಲಿಗೆ ಅಂಟಿಸಿದರು. "ಇದ್ರ ಕೆಳಗೆ ನಿಮ್ದೊಂದು ಪ್ರಾಸ ಇರ್ಲಿ, ಜನ ಅದನ್ನೇ ಓದೋದು."

ವರದಿ ಬಂತು, ಭಯ ಬೇಡ
ತುಂಬಿಸಿರಿ ನಿಮ್ಮ ಕೊಡ

ಹಿಂದೆ ಇಂಥದ್ದನ್ನು ಬೈಕು ಸ್ಟಾರ್ಟ್ ಆಗುವುದರೊಳಗೆ ಬರೆಯುತ್ತಿದ್ದೆ. ಇವತ್ತು ಅರ್ಧ ಗಂಟೆ ಹಿಡಿಯಿತು.

ಸಂಜೆ ತೊಂಬೆಯ ಹತ್ತಿರ ದುರುಗಕ್ಕ. "ನಂಗೆ ಓದಾಕೆ ಬರಲ್ಲ. ಏನೈತೆ ಅದ್ರಾಗೆ, ನೀನೇ ಹೇಳು."

"ನೀರು ಸರಿ ಐತಂತೆ ಅಕ್ಕ."

"ಮಂಡಿ ಉಳೀತು ನನ್ನಪ್ಪ." ಕೋಲನ್ನು ಗೋಡೆಗೆ ಒರಗಿಸಿ ಕೊಡ ಇಟ್ಟಳು.

ಶುಕ್ರವಾರ, 14 ಮಾರ್ಚ್

ನನ್ನ ಹೆಂಡತಿ ಪ್ರಮೀಳಾ ಕತ್ತಲಗೆರೆಯವಳು. ಚಾನಲ್ ನೀರಿನ ಊರು. ನೀರಿನ ಬಗ್ಗೆ ಅವಳು ಮಾತಾಡಿದಾಗಲೆಲ್ಲ, "ನಿಮಗೆ ಹರಿಯೋದು ಗೊತ್ತು, ಹನಿಯೋದು ಗೊತ್ತಿಲ್ಲ" ಎಂದು ಬಾಯಿ ಮುಚ್ಚಿಸುವುದು ನನ್ನ ಅಭ್ಯಾಸ. ಇವತ್ತು ನಾನು ಕ್ಯಾನು ಇಳಿಸುವಾಗ ಹೊಸ್ತಿಲಲ್ಲೇ ನಿಂತಳು.

"ರೀ, ಒಂದು ಕೇಳ್ಲಾ? ನಾವಿರೋದು ಕೆಳಗಿನ ಓಣಿ. ಮನೆ ಮುಂದೇ ನಲ್ಲಿ ಐತೆ. ವರದೀಲಿ ಸರಿ ಐತೆ ಅಂದೋರೂ ನೀವೇ. ಮತ್ತೆ ದಿನಾ ಎರಡು ಕ್ಯಾನು ಒಂದನೇ ಬೋರಿಂದ ಯಾಕೆ ತರ್ತೀರಿ?"

"ಬೇಳೆ ಬೇಗ ಬೇಯತೈತೆ ಅಂತ."

"ಬೇಳೆ ನಾನಲ್ವೇನ್ರೀ ಬೇಯ್ಸೋದು?"

ಕ್ಯಾನನ್ನು ಒಳಗೆ ತಾನೇ ಎತ್ತಿಕೊಂಡು ಹೋದಳು. ಇನ್ನೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಶನಿವಾರ, 22 ಮಾರ್ಚ್

ವಾಸನೆ ಹೋಗಿಲ್ಲ. ವರದಿ ಸರಿ ಇದ್ದ ಮೇಲೆ ನೀರು ಕೆಡಲು ಹೊಸ ಕಾರಣ ಬೇಕು, ಊರು ಹುಡುಕಿಕೊಂಡಿತು. ಅಮೀರ್‌ಜಾನ್ ಸುಟ್ಟ ಆಯಿಲ್ಲನ್ನು ಎರಡನೇ ಬೋರಿನ ಹತ್ತಿರ ತಂದು ಸುರಿಯುತ್ತಾನಂತೆ. ಒಬ್ಬ ನೋಡಿದವನಿದ್ದಾನೆ. ಆ ಒಬ್ಬ ಯಾರೆಂದು ಕೇಳಿದರೆ ಎಲ್ಲರೂ ಇನ್ನೊಬ್ಬನ ಹೆಸರು ಹೇಳುತ್ತಾರೆ.

ಅವನನ್ನು ಪಂಚಾಯ್ತಿಗೆ ಕರೆಸಿದರು. "ಬೇಕಂತಲೇ ಮಾಡ್ತಾನೆ," ಎಂದು ಹಿಂದಿನಿಂದ ಯಾರೋ ಅಂದರು. ಆ 'ಬೇಕಂತಲೇ'ಯ ಹಿಂದೆ ಏನಿದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಮೀರ್‌ಜಾನ್ ಒಮ್ಮೆ ನನ್ನ ಕಡೆ ನೋಡಿದ. ಸಿಟ್ಟಿನಿಂದಲ್ಲ. ಬಸ್ಸಿಗೆ ಕಾಯುವವನು ರಸ್ತೆ ನೋಡುವ ಹಾಗೆ. ನಾನು ವಾಲ್ವಿನ ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದೆ.

ಸರ್ವೀಸ್ ಸ್ಟೇಷನ್ ಮುಚ್ಚಲು ನೋಟಿಸು ಆಯಿತು. ಅದನ್ನು ಬಾಗಿಲಿಗೆ ಅಂಟಿಸಿ ಬರುವ ಕೆಲಸ ನನಗೇ ಬಂತು. ಅಂಟಿಸಿ ಬಂದೆ.

ಸೋಮವಾರ, 31 ಮಾರ್ಚ್

ಈ ವರ್ಷ ನಿನ್ನೆ ಯುಗಾದಿ, ಇವತ್ತು ರಂಜಾನ್. ಹದಿನೈದು ವರ್ಷದಿಂದ ಅಮೀರ್‌ಜಾನನ ಮನೆಯಿಂದ ಸುರಕುಂಬ ಪಾಯಸದ ಡಬ್ಬಿ ಬರುತ್ತದೆ. ಈ ಸಲ ಬರುವುದಿಲ್ಲ ಎಂದುಕೊಂಡಿದ್ದೆ. ಹನ್ನೊಂದು ಗಂಟೆಗೆ ಅವನ ಹೆಂಡತಿ ತಾಜ್‌ಬೀಯೇ ತಂದಳು.

"ಒಂದನೇ ಬೋರಿನ ನೀರಲ್ಲೇ ಪಾತ್ರೆ ತೊಳೆದಿದೀನಿ ಅಣ್ಣಾ. ಹೆದರ್ಕೋಬೇಡಿ, ತಿನ್ನಿ."

ಪ್ರಮೀಳಾ ಒಬ್ಬಳೇ ತಿಂದಳು. ನನಗೆ ಮೊದಲ ಚಮಚ ಬಾಯಿಯಲ್ಲೇ ಉಳಿಯಿತು. ಪ್ರತಿ ವರ್ಷ ಅದೇ ಡಬ್ಬಿಯಲ್ಲಿ ಹೋಳಿಗೆ ಇಟ್ಟು ವಾಪಸು ಕಳಿಸುತ್ತೇವೆ. ಹೋಳಿಗೆ ಮಾಡಿದ್ದೂ ಇತ್ತು. ಪ್ರಮೀಳಾ ಒಳಗೆ ಹೋದಾಗ ನಾನೇ ಡಬ್ಬಿ ತೊಳೆದು, ಖಾಲಿಯನ್ನೇ ಅವರ ಬಾಗಿಲ ಮುಂದೆ ಇಟ್ಟು ಬಂದೆ. ಹೋಳಿಗೆ ಇಟ್ಟಿದ್ದರೆ ಬಾಗಿಲು ತಟ್ಟಬೇಕಾಗುತ್ತಿತ್ತು, ಒಳಗೆ ಕೂರಬೇಕಾಗುತ್ತಿತ್ತು.

ಗುರುವಾರ, 17 ಏಪ್ರಿಲ್

ಬರೆಯಲು ಏನೂ ಇಲ್ಲ. ಬೊಗಸೆ ನಾಟಕ ನಡೆಯುತ್ತಿದೆ.

ಸೋಮವಾರ, 12 ಮೇ

ನಿನ್ನೆ ದೊಡ್ಡ ಮಳೆ. ಲಾರಿ ತೊಳೆಯುವುದು ನಿಂತು ಏಳು ವಾರ ಆಗಿದೆ, ಕಾಲುವೆಯನ್ನೂ ಮುಚ್ಚಿಸಿದ್ದೇನೆ. ಆದರೂ ಇವತ್ತು ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಗ್ಯಾರೇಜಿನ ವಾಸನೆ. ಓಡಿ ಹೋಗಿ ಗುಂಡಿಯ ಮೇಲಿನ ಒಂದು ಕಲ್ಲು ಎತ್ತಿದೆ. ಅಡಿಭಾಗ ಕಪ್ಪಗೆ ಹೊಳೆಯುತ್ತಿತ್ತು. ಎರಡು ವರ್ಷ ಕುಡಿದದ್ದನ್ನು ಕಲ್ಲು, ಇದ್ದಿಲು ಎಲ್ಲ ಇಟ್ಟುಕೊಂಡಿವೆ. ಮಳೆ ಬಂದಾಗಲೆಲ್ಲ ಒಂದಿಷ್ಟನ್ನು ತೊಳೆದು ಬೋರಿನೊಳಗೆ ಇಳಿಸುತ್ತಿವೆ. ಗುಂಡಿ ಬಗೆದು ತೆಗೆಯುವ ತನಕ ಇದು ನಿಲ್ಲುವುದಿಲ್ಲ. ಬಗೆಯಬೇಕಾದರೆ ಯಾಕೆ ಎಂದು ಹೇಳಬೇಕು.

ಬರುವಾಗ ದುರುಗಕ್ಕನ ಮನೆ ಮುಂದೆ ಆಟೋ. ಎರಡು ದಿನದಿಂದ ವಾಂತಿ, ನೀರು ಕೂಡ ನಿಲ್ಲುತ್ತಿಲ್ಲ. ನಾನೇ ಒಂದು ಕಡೆ ಹಿಡಿದು ಹತ್ತಿಸಿದೆ. ಹನ್ನೆರಡು ಕುರಿ ಒಬ್ಬಳೇ ಮೇಯಿಸುವ ಹೆಂಗಸು, ಖಾಲಿ ಕೊಡದ ಹಾಗಿದ್ದಳು.

ಬುಧವಾರ, 14 ಮೇ

ಜಗಳೂರಿನ ಆಸ್ಪತ್ರೆಗೆ ಹೋಗಿದ್ದೆ. ಡ್ರಿಪ್ಪು ಹಾಕಿದ್ದಾರೆ. ಡಾಕ್ಟರು ಯಾವ ನೀರು ಕುಡಿಯುತ್ತಾರೆ ಎಂದು ಸೊಸೆಯನ್ನು ಕೇಳಿದರಂತೆ. ಆ ನೀರು ಮೊದಲು ನಿಲ್ಲಿಸಿ, ಈ ವಯಸ್ಸಿಗೆ ಇನ್ನೊಂದು ಸಲ ಹೀಗಾದರೆ ನಾನು ಏನೂ ಹೇಳಲಾರೆ ಎಂದರಂತೆ.

ದುರುಗಕ್ಕ ಒಪ್ಪುತ್ತಿಲ್ಲ. "ನೀರಿಂದ ಅಲ್ಲ ಕಣೇ, ಗಾದ್ರಿ ದಿನಾ ಅದನ್ನೇ ಕುಡಿತಾನೆ, ಗುಂಡುಕಲ್ಲಿನಂಗಿಲ್ವಾ? ನಂಗೆ ವಯಸ್ಸಾತು, ಅಷ್ಟೇ."

ಆಮೇಲೆ ನನ್ನನ್ನು ಹತ್ತಿರ ಕರೆದಳು. ಡ್ರಿಪ್ಪಿನ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದಳು.

"ಆದ್ರೂ ನೀನೊಂದ್ಸಲ ತೋರಿಸ್ಕೊಳ್ಳೋ. ಬೆಳಿಗ್ಗೆ ಖಾಲಿ ಹೊಟ್ಟೇಲಿ ಕುಡಿತೀಯ. ನಿಮ್ಮಪ್ಪನೂ ಹಂಗೇ, ಊರಿನ ಚಿಂತೆ ಮಾಡಿ ತನ್ನ ಮೈ ನೋಡ್ಕಳ್ಳಲಿಲ್ಲ."

ಬಸ್ಸಿನಲ್ಲಿ ಬರುವಾಗ ನಮ್ಮ ಊರು ದಾಟಿದ್ದು ಗೊತ್ತಾಗಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದೆ.

ಶುಕ್ರವಾರ, 16 ಮೇ

ಅಮೀರ್‌ಜಾನ್ ನೀರು ಹೊಡೆಯುವ ಯಂತ್ರವನ್ನು ಗೂಡ್ಸ್ ಆಟೋಗೆ ಹತ್ತಿಸುತ್ತಿದ್ದ. ಸವಳಂಗದಲ್ಲಿ ಯಾರೋ ಕೊಂಡಿದ್ದಾರೆ. ಅವನು ಈಗ ಜಗಳೂರಿನಲ್ಲಿ ಬೇರೆಯವರ ಗ್ಯಾರೇಜಿನಲ್ಲಿ ಕೂಲಿ. ಇನ್ನೊಂದು ಬದಿಗೆ ನಾನು ಕೈ ಕೊಟ್ಟೆ. ಯಂತ್ರ ಮೇಲೆ ಹೋಯಿತು.

"ಯಾಕೆ ಹೇಳಲಿಲ್ಲ ಅಮೀರು? ಪಂಚಾಯ್ತೀಲಿ ಅವತ್ತೇ ಹೇಳ್ಬೋದಿತ್ತು."

"ಏನಂತ ಹೇಳ್ಲಿ? ಗಾದ್ರಣ್ಣ ಮಾಡಿಸ್ದ ಅಂತ? ನಿಮ್ಮ ಹೆಸರು ಗೋಡೆ ಮೇಲೈತೆ, ನನ್ನ ಹೆಸರು ನೋಟಿಸಲ್ಲೈತೆ. ಯಾರ್ದು ನಂಬ್ತಾರೆ?" ಹಗ್ಗ ಬಿಗಿಯುತ್ತಲೇ ಮಾತಾಡಿದ. "ನೀವೇ ಹೇಳ್ತೀರಿ ಅಂತ ಒಂದ್ವಾರ ಕಾದೆ. ಆಮೇಲೆ ಹಬ್ಬದ ತನಕ ಕಾದೆ. ಡಬ್ಬಿ ಕೊಟ್ಬಾ, ಅವ್ರಿಗೆ ನೆನಪಾಗ್ಲಿ ಅಂತ ತಾಜ್‌ಬೀಗೆ ನಾನೇ ಹೇಳಿದ್ದು."

ನಾನು ಹಗ್ಗದ ಇನ್ನೊಂದು ತುದಿ ಹಿಡಿದು ನಿಂತಿದ್ದೆ.

"ಹದಿನೈದು ವರ್ಷದಾಗೆ ಖಾಲಿ ಡಬ್ಬಿ ಬಂದಿದ್ದು ಇದೇ ಫಸ್ಟು ಗಾದ್ರಣ್ಣ. ಅದನ್ನ ನೋಡಿ ನಮ್ಮನೆಯೋಳು ಅತ್ಲು. ನೋಟಿಸಿಗೆ ಅತ್ತಿರಲಿಲ್ಲ."

ಬುಧವಾರ, 21 ಮೇ

ಗ್ರಾಮಸಭೆಯಲ್ಲಿ ಹೇಳಿದೆ. ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ತೆಗೆಯಲಿಲ್ಲ.

ಲಾರಿ ತೊಳೆದ ನೀರನ್ನು ಗುಂಡಿಗೆ ತಿರುಗಿಸಿದ್ದು ನಾನು, ಅಮೀರ್‌ಜಾನ್ ಬೇಡ ಎಂದಿದ್ದ. ಪರೀಕ್ಷೆಗೆ ಕೊಟ್ಟದ್ದು ಒಂದನೇ ಬೋರಿನ ನೀರು, ಚೀಟಿ ಬದಲಿಸಿದ್ದು ನಾನು. ಎಲ್ಲ ಗೊತ್ತಿದ್ದೂ ನಿಮಗೆ ಕುಡಿಸಿದೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಶಾಲು ಹೊದಿಸಿದ ಗುಂಡಿಯಲ್ಲವೇ ಅದು. ಪಿಡಿಓ ಪೆನ್ನಿನ ಕ್ಯಾಪು ಮುಚ್ಚಿ ಮತ್ತೆ ತೆಗೆದರು. ಆಮೇಲೆ ಗಲಾಟೆ ಶುರುವಾಯಿತು. ಕುರ್ಚಿ ಬಿದ್ದವು. ಒಬ್ಬ ಅಂಗಿ ಹಿಡಿದ, ಅಮೀರ್‌ಜಾನ್ ಮಧ್ಯೆ ಬಂದು ಬಿಡಿಸಿದ. ಅವನು ಬಿಡಿಸಬಾರದಿತ್ತು.

ದುರುಗಕ್ಕ ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಬಂದಿದ್ದಳು. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದಳು. ಅವಳು ಕೈ ಎತ್ತಿದ ಮೇಲೆ ಸದ್ದು ನಿಂತಿತು. ಗುಂಡಿಯ ವಿಷಯ ಕೇಳಲಿಲ್ಲ, ಬಾಟಲಿಯ ವಿಷಯ ಕೇಳಲಿಲ್ಲ.

"ಬೊಗಸೆ?"

"ಫೆಬ್ರವರಿಯಿಂದ ಕುಡಿದಿಲ್ಲ ಅಕ್ಕ. ಬಾಯಿ ಹತ್ರ ಒಯ್ದು ಬಿಡ್ತಿದ್ದೆ."

ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಕೋಲು ಹುಡುಕಿಕೊಂಡು ಎದ್ದಳು, ಸೊಸೆಯ ಕೈಯನ್ನೂ ಹಿಡಿಯದೆ ಹೊರಟುಹೋದಳು.

ಸೋಮವಾರ, 9 ಜೂನ್

ಎರಡನೇ ಬೋರಿನ ಮೋಟಾರು ಎತ್ತಿದ್ದಾರೆ. ಹೊಸದಾಗಿ ನೀರು ಪರೀಕ್ಷೆಗೆ ಹೋಗಿದೆ, ಪಿಡಿಓ ತಾವೇ ಕೂತು ತುಂಬಿಸಿಕೊಂಡರು. ಆ ಬೋರು ಎಷ್ಟು ವರ್ಷಕ್ಕೆ ಸರಿಹೋಗುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಟ್ಯಾಂಕು ತೊಳೆದು, ಬೇರೆ ಊರಿನ ಬೋರಿನಿಂದ ಟ್ಯಾಂಕರಿನಲ್ಲಿ ನೀರು ತಂದು ತುಂಬಿಸುತ್ತಿದ್ದೇವೆ. ನನ್ನ ಮೇಲೆ ವಿಚಾರಣೆ ಇದೆ. ಏಳು ವಾಲ್ವು ಎಲ್ಲೆಲ್ಲಿವೆ ಎಂದು ಬೇರೆ ಯಾರಿಗೂ ಗೊತ್ತಿಲ್ಲದ ಕಾರಣ ಅಲ್ಲಿಯ ತನಕ ಕೆಲಸದಲ್ಲಿದ್ದೇನೆ.

ಗುಂಡಿ ಬಗೆದು ಮೂರು ಟ್ರ್ಯಾಕ್ಟರು ಕಪ್ಪು ಕಲ್ಲು ತೆಗೆದೆವು. ಅಮೀರ್‌ಜಾನ್ ಭಾನುವಾರ ರಜೆ ಹಾಕಿ ಬಂದಿದ್ದ. ಬುಟ್ಟಿ ಕೈಗೆ ಕೊಟ್ಟರೆ ತೆಗೆದುಕೊಳ್ಳುತ್ತಿದ್ದ. ಅವನ ನೋಟಿಸನ್ನು ವಾಪಸು ತೆಗೆದುಕೊಂಡಿದ್ದಾರೆ. ಯಂತ್ರ ಸವಳಂಗದಲ್ಲೇ ಇದೆ. ಪ್ರಮೀಳಾ ತಾಜ್‌ಬೀಯ ಮನೆಗೆ ಒಂದು ಡಬ್ಬಿ ತೆಗೆದುಕೊಂಡು ಹೋದಳು. ಇನ್ನೂ ವಾಪಸು ಬಂದಿಲ್ಲ.

ಗೋಡೆಯ ಮೇಲಿನ ಹಳೆಯದಕ್ಕೆ ಸುಣ್ಣ ಹೊಡೆದೆ. ಎರಡನೇ ಬೋರಿನ ಹತ್ತಿರ ಹೊಸದಾಗಿ ಬರೆಯಲು ಪಿಡಿಓ ಹೇಳಿದ್ದರು. ಬರೆದೆ:

ಈ ಬೋರಿನ ನೀರು ಕುಡಿಯಬೇಡಿ. ದನ ಕುರಿಗೂ ಬೇಡ. ಇದರಲ್ಲಿ ಎಣ್ಣೆ ಸೇರಿದೆ. ಸೇರಿಸಿದ್ದು ನಾನು. ಗಾದ್ರಪ್ಪ, ನೀರುಗಂಟಿ.

"ಇಷ್ಟೇನಾ?" ಎಂದರು ಪಿಡಿಓ.

"ಇಷ್ಟೇ ಸರ್."

ಬೆಳಿಗ್ಗೆ ಟ್ಯಾಂಕಿನ ಬುಡಕ್ಕೆ ಹೋದಾಗ ದುರುಗಕ್ಕ ಆಗಲೇ ಬಂದು ನಿಂತಿದ್ದಳು. ತೊಂಬೆಯಿಂದ ಅಲ್ಲಿಗೆ ಏರು ದಾರಿ, ನಡುವೆ ಎರಡು ಕಡೆ ಕೂತಿರಬೇಕು. ಮೂರು ವಾರದಿಂದ ನನ್ನ ಜೊತೆ ಮಾತಿಲ್ಲ. ನಾನು ನಲ್ಲಿ ಬಿಟ್ಟು ಬೊಗಸೆ ಒಡ್ಡಿದೆ.

"ಆ ಕಡೆ ತಿರುಗ್ಬ್ಯಾಡ. ಈ ಕಡೆ."

ತಿರುಗಿದೆ.

"ತಲೆ ಮ್ಯಾಲೆತ್ತಿ ಕುಡಿ. ಗಂಟಲು ಕಾಣ್ಬೇಕು."

ತಲೆ ಎತ್ತಿ ಕುಡಿದೆ. ಹತ್ತಿರ ಬಂದು, ಕಣ್ಣು ಕಿರಿದು ಮಾಡಿ, ನೀರು ಇಳಿಯುವುದನ್ನು ನೋಡಿದಳು. ಆಮೇಲೆ ಸಣ್ಣ ಕೊಡವನ್ನು ನಲ್ಲಿಯ ಕೆಳಗೆ ಇಟ್ಟಳು. ಕೊಡ ತುಂಬಿತು. ಎತ್ತಿಕೊಡಲು ಹೋದೆ, ಕೈ ಸರಿಸಿ ತಾನೇ ಎತ್ತಿಕೊಂಡಳು.

ನಾಲ್ಕು ಹೆಜ್ಜೆ ಹೋಗಿ, ತಿರುಗದೆ ಹೇಳಿದಳು: "ನಾಳೆನೂ ಬರ್ತೀನಿ."